ಅಣಬೆ ಕೊಳ್ಳಲು ಬಂದ ಭಿಕ್ಷು

ಕ್ರಿ.ಶ. 1223ರ ಬೇಸಗೆಯ ದಿನಗಳು. ಚೀನ ದೇಶದ ಪೂರ್ವ ಕರಾವಳಿಯಲ್ಲಿ, ಇಂದು ನಿಂಗ್‌ಬೋ ಎಂದು ಹೆಸರಾಗಿರುವ ಬಂದರಿನಲ್ಲಿ, ಜಪಾನಿನಿಂದ ಬಂದ ವ್ಯಾಪಾರದ ಹಡಗೊಂದು ಲಂಗರು ಹಾಕಿ ನಿಂತಿತ್ತು. ಅದರಲ್ಲಿ ದೋಗೆನ್ ಎಂಬ ತರುಣ ಭಿಕ್ಷುವೊಬ್ಬನಿದ್ದನು. ಕ್ಯೋಟೋ ನಗರದ ಉನ್ನತ ಕುಲವೊಂದರಲ್ಲಿ 1200ರಲ್ಲಿ ಹುಟ್ಟಿದ ಆತನು ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಹದಿಹರೆಯಕ್ಕೆ ಕಾಲಿಡುತ್ತಿದ್ದಂತೆಯೇ ಹಿಯೆ ಪರ್ವತದ ಮಠವನ್ನು ಸೇರಿ ಸಂನ್ಯಾಸ ಸ್ವೀಕರಿಸಿದ್ದನು. ಅಲ್ಲಿ ಒಂದು ಪ್ರಶ್ನೆ ಆತನನ್ನು ಹಗಲಿರುಳು ಕಾಡತೊಡಗಿತು. ಸಕಲ ಜೀವಿಗಳಲ್ಲಿಯೂ ಬುದ್ಧತ್ವವು ಸಹಜವಾಗಿಯೇ ನೆಲೆಸಿದೆಯೆಂದು ಶಾಸ್ತ್ರಗಳು ಸಾರುತ್ತಿರುವಾಗ, ಅದನ್ನು ಪಡೆಯಲು ಇಷ್ಟೊಂದು ಕಠಿಣವಾದ ಸಾಧನೆ ಏತಕ್ಕೆ? ಸ್ವದೇಶದಲ್ಲಿ ಯಾರ ಉತ್ತರವೂ ಆತನಿಗೆ ಸಮಾಧಾನ ನೀಡಲಿಲ್ಲ. ಆದುದರಿಂದಲೇ ಸಮುದ್ರವನ್ನು ದಾಟಿ ಬಂದಿದ್ದನು.

ಒಂದು ದಿನ ವೃದ್ಧ ಭಿಕ್ಷುವೊಬ್ಬರು ಹಡಗನ್ನು ಹತ್ತಿ ಬಂದರು. ವಯಸ್ಸು ಅರುವತ್ತೊಂದು. ಅವರು ಬಂದದ್ದು ಧರ್ಮಚರ್ಚೆಗಲ್ಲ, ಜಪಾನಿನ ಅಣಬೆಗಳನ್ನು ಕೊಳ್ಳಲು! ಸಮೀಪದ ಅಯುವಾಂಗ್ ಪರ್ವತದ ಮಠದಲ್ಲಿ ಅವರು ಅಡುಗೆಯ ಮುಖ್ಯಸ್ಥರು. ಚೀನೀ ಭಾಷೆಯಲ್ಲಿ ಅಯುವಾಂಗ್ ಎಂದರೆ ಅಶೋಕರಾಜ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಯಾವ ಸಮ್ರಾಟನ ಹೆಸರು ಕೆತ್ತಲ್ಪಟ್ಟಿದೆಯೋ, ಆತನ ಹೆಸರನ್ನೇ ಅಷ್ಟು ದೂರದ ಆ ಪರ್ವತವೂ ಹೊತ್ತಿದೆ. ಮರುದಿನ ಐದನೆಯ ತಿಂಗಳಿನ ಹಬ್ಬ. ಮಠದ ಭಿಕ್ಷುಗಳಿಗೆ ಅಂದು ವಿಶೇಷವಾದ ಸಾರು ಮಾಡಿ ಬಡಿಸಬೇಕೆಂಬುದು ಮುದುಕರ ಆಸೆ, ಉಗ್ರಾಣದಲ್ಲಿ ಅಣಬೆಯಿಲ್ಲ. ಅದಕ್ಕಾಗಿ ಮಧ್ಯಾಹ್ನದ ಊಟ ಮುಗಿದೊಡನೆಯೇ ಹೊರಟು, ಹದಿನೈದು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ನಡೆದು ಬಂದಿದ್ದರು.

ದೋಗೆನ್‌ನಿಗೆ ಅವರೊಡನೆ ಮಾತನಾಡುವ ಹಂಬಲ. ಈ ರಾತ್ರಿ ಹಡಗಿನಲ್ಲಿಯೇ ತಂಗಿ ಆತಿಥ್ಯವನ್ನು ಸ್ವೀಕರಿಸಬೇಕೆಂದು ಬೇಡಿಕೊಂಡನು. ಮುದುಕರು ಒಪ್ಪಲಿಲ್ಲ. ತಾವಿಲ್ಲದಿದ್ದರೆ ನಾಳೆಯ ಅಡುಗೆ ಕೆಡುವುದು ಎಂದರು. ಅಷ್ಟು ದೊಡ್ಡ ಮಠದಲ್ಲಿ ಅನ್ನ ಬೇಯಿಸುವವರು ಬೇರೆ ಯಾರೂ ಇಲ್ಲವೇ ಎಂದು ತರುಣನು ಕೇಳಿದನು. ಮುಪ್ಪಿನಲ್ಲಿ ತಮಗೆ ದೊರೆತ ಸಾಧನೆಯಿದು, ಇದನ್ನು ಮತ್ತೊಬ್ಬರಿಗೆ ಬಿಟ್ಟುಕೊಡುವುದು ಹೇಗೆ ಎಂದು ಅವರು ಹೇಳಿದರು. ಮಠದ ಹೊರಗೆ ರಾತ್ರಿ ಕಳೆಯಲು ಅಪ್ಪಣೆಯನ್ನೂ ಪಡೆದು ಬಂದಿಲ್ಲವೆಂದು ಸೇರಿಸಿದರು. ದೋಗೆನ್ ಸುಮ್ಮನಾಗಲಿಲ್ಲ. ಇಷ್ಟು ವಯಸ್ಸಾದವರು ಧ್ಯಾನದಲ್ಲಿ ಕುಳಿತಿರದೆ, ಪೂರ್ವಾಚಾರ್ಯರ ಗ್ರಂಥಗಳನ್ನು ಓದದೆ, ಒಲೆಯ ಮುಂದೆ ಬೇಯುವುದರಿಂದ ಬರುವ ಫಲವೇನು ಎಂದು ಕೇಳಿಯೇಬಿಟ್ಟನು. ವೃದ್ಧರು ಗಟ್ಟಿಯಾಗಿ ನಕ್ಕರು. ಸಾಧನೆಯೆಂದರೇನೆಂದು ಈ ಪರದೇಶದ ಗೆಳೆಯನಿಗೆ ಇನ್ನೂ ತಿಳಿದಿಲ್ಲ, ಅಕ್ಷರವೆಂದರೇನೆಂಬುದೂ ತಿಳಿದಿಲ್ಲ ಎಂದರು. ಅಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಕೊಂಡ ಅಣಬೆಯನ್ನು ತೆಗೆದುಕೊಂಡು ಬಂದ ದಾರಿಯಲ್ಲಿಯೇ ಹೊರಟುಹೋದರು.

ಆ ನಗೆ ದೋಗೆನ್‌ನನ್ನು ನಾಚಿಸಿತು. ಆತನ ಪ್ರಶ್ನೆಯಲ್ಲಿ ಅಡಗಿದ್ದ ತಿರಸ್ಕಾರವನ್ನು ನಾವೂ ಬಲ್ಲೆವು. ಓದು ದೊಡ್ಡದು, ಪಾತ್ರೆ ತೊಳೆಯುವುದು ಚಿಕ್ಕದು. ಪೂಜೆ ಪವಿತ್ರ, ನೆಲ ಗುಡಿಸುವುದು ಕೇವಲ ಚಾಕರಿ ಎಂಬ ಎಣಿಕೆ ನಮ್ಮ ಮನೆಗಳಲ್ಲಿಯೂ ಇದೆ. ಈ ಎಣಿಕೆಗೆ ನಾವು ತೆರುವ ಬೆಲೆ ಅಲ್ಪವಲ್ಲ. ದಿನದ ಬಹುಭಾಗವೆಲ್ಲ ಚಿಕ್ಕ ಕೆಲಸಗಳಲ್ಲಿಯೇ ಕಳೆಯುವುದರಿಂದ, ಅವನ್ನು ಬೇಗ ಮುಗಿಸಿ ಆಮೇಲೆ ಬಾಳೋಣ ಎನ್ನುವವನಿಗೆ ಬಾಳು ಎಂದಿಗೂ ಆರಂಭವಾಗುವುದೇ ಇಲ್ಲ. ಗಣಿತದ ಪುಸ್ತಕ ಮುಂದೆ ತೆರೆದಿರುತ್ತದೆ, ಮನಸ್ಸು ಆಟದ ಬಯಲಿನಲ್ಲಿರುತ್ತದೆ. ಬಯಲಿಗೆ ಹೋದರೆ ಬಿಡಿಸದೆ ಬಿಟ್ಟ ಲೆಕ್ಕ ಹಿಂದೆಯೇ ಬರುತ್ತದೆ. ಅಶಾಂತಿಯೆಂಬುದು ಬಹುಮಟ್ಟಿಗೆ ಇಷ್ಟೇ.

ಮುಂದೆ ದೋಗೆನ್ ತಿಯನ್‌ತುಂಗ್ ಪರ್ವತದ ಮಠದಲ್ಲಿ ನೆಲೆಸಿದನು. ಒಂದು ಮಧ್ಯಾಹ್ನ ಮೊಗಸಾಲೆಯಲ್ಲಿ ಹೋಗುತ್ತಿದ್ದಾಗ, ಆ ಮಠದ ಅಡುಗೆಯ ಮುಖ್ಯಸ್ಥರು ಬುದ್ಧಮಂದಿರದ ಮುಂದೆ ಅಣಬೆಗಳನ್ನು ಒಣಹಾಕುತ್ತಿದ್ದುದು ಕಣ್ಣಿಗೆ ಬಿತ್ತು. ನೆತ್ತಿಯನ್ನು ಸುಡುವ ಬಿಸಿಲು. ಕಾಲಿಟ್ಟರೆ ಬೊಬ್ಬೆಯೇಳುವಂತೆ ಕಾದ ಹಾಸುಗಲ್ಲು. ತಲೆಗೆ ಟೊಪ್ಪಿಗೆಯಿಲ್ಲ, ಕೈಯಲ್ಲಿ ಬಿದಿರ ಕೋಲು. ಬೆನ್ನು ಬಿಲ್ಲಾಗಿತ್ತು, ಹುಬ್ಬು ಕೊಕ್ಕರೆಯ ಗರಿಯಂತೆ ಬೆಳ್ಳಗಾಗಿತ್ತು. ವಯಸ್ಸು ಅರುವತ್ತೆಂಟು ಎಂದರು. ಈ ಕೆಲಸವನ್ನು ಆಳುಗಳಿಂದ ಏಕೆ ಮಾಡಿಸಬಾರದೆಂದು ಕೇಳಿದರೆ, ಆಳುಗಳು ತಾವಾಗುವುದಿಲ್ಲವಲ್ಲ ಎಂಬ ಉತ್ತರ. ಆದರೂ ಇಂತಹ ಉರಿಬಿಸಿಲಿನಲ್ಲಿ ಬೇಕೇ ಎಂದರೆ, ಮತ್ತಾವ ಹೊತ್ತಿಗೆ ಕಾಯಲಿ ಎಂಬ ಮರುಪ್ರಶ್ನೆ. ಅಣಬೆ ಒಣಗುವುದು ಬಿಸಿಲಿನಲ್ಲಿಯೇ ಅಲ್ಲವೆ? ದೋಗೆನ್ ಈ ಸಲ ವಾದಿಸಲಿಲ್ಲ.

ಹಡಗಿಗೆ ಬಂದಿದ್ದ ವೃದ್ಧರು ಏಳನೆಯ ತಿಂಗಳಿನಲ್ಲಿ ಕೆಲಸದಿಂದ ನಿವೃತ್ತರಾಗಿ ತಮ್ಮ ನಾಡಿಗೆ ಮರಳುವಾಗ ದೋಗೆನ್‌ನನ್ನು ಹುಡುಕಿಕೊಂಡು ಬಂದರು. ಅಕ್ಷರವೆಂದರೇನೆಂದು ಕೇಳಿದಾಗ ಒಂದರಿಂದ ಐದರವರೆಗೆ ಎಣಿಸಿದರಂತೆ. ಸಾಧನೆಯೆಂದರೇನೆಂದಾಗ, ಜಗತ್ತಿನಲ್ಲಿ ಎಲ್ಲಿಯೂ ಯಾವುದೂ ಮರೆಯಾಗಿಲ್ಲವೆಂದರಂತೆ. ಪಂಡಿತರು ಇದಕ್ಕೆ ದೀರ್ಘವಾದ ವ್ಯಾಖ್ಯಾನಗಳನ್ನು ಬರೆದಿದ್ದಾರೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೈಗೆ ಅವುಗಳ ಅಗತ್ಯ ಅಷ್ಟಾಗಿ ಇರಲಾರದು.

1227ರಲ್ಲಿ ದೋಗೆನ್ ಜಪಾನಿಗೆ ಹಿಂತಿರುಗಿದನು. ಅಲ್ಲಿನ ಮಠವೊಂದರಲ್ಲಿ ಅಡುಗೆಯ ಅಧಿಕಾರಿಯೆಂಬ ಪದವಿಯಿತ್ತು, ಆದರೆ ಆ ಪದವಿಯಲ್ಲಿದ್ದವರು ಅಡುಗೆಮನೆಯ ಕಡೆಗೆ ತಲೆಹಾಕದೆ ಎಲ್ಲವನ್ನೂ ಸೇವಕನಿಗೆ ಒಪ್ಪಿಸಿಬಿಟ್ಟಿದ್ದರು. ಅದನ್ನು ಕಂಡು ನೊಂದ ದೋಗೆನ್ 1237ರಲ್ಲಿ ಮಠದ ಬಾಣಸಿಗನಿಗಾಗಿಯೇ ಒಂದು ಗ್ರಂಥವನ್ನು ರಚಿಸಿದನು. ‘ತೆನ್ಜೋ ಕ್ಯೋಕುನ್’ ಎಂದು ಅದರ ಹೆಸರು. ನಾಳೆಯ ಅಕ್ಕಿ, ಸೊಪ್ಪುಗಳನ್ನು ಇಂದೇ ಅಣಿಮಾಡಿಕೊಳ್ಳಬೇಕು. ಅಕ್ಕಿಯಲ್ಲಿ ಕಲ್ಲನ್ನು ನೋಡುವಾಗ ಕಲ್ಲಿನೊಡನೆ ಅಕ್ಕಿ ಹೋಗದಂತೆಯೂ ನೋಡಬೇಕು. ಎತ್ತರದಲ್ಲಿಡುವ ವಸ್ತು ಎತ್ತರದಲ್ಲಿ, ಕೆಳಗಿಡುವ ವಸ್ತು ಕೆಳಗೆ ಇರಬೇಕು. ಸೊಪ್ಪು ಬಾಡಿದ್ದಿತೆಂದು ಉದಾಸೀನ ಸಲ್ಲದು, ಉತ್ತಮ ಪದಾರ್ಥ ಬಂದಿತೆಂದು ಹಿಗ್ಗುವುದೂ ಸಲ್ಲದು. ಹೀಗೆ ಮಾತು ಸಾಗುತ್ತದೆ. ಅಡುಗೆ ಸಿದ್ಧವಾದ ಮೇಲೆ, ಅದನ್ನು ಕಳುಹಿಸುವ ಮುನ್ನ, ಉಣ್ಣುವವರಿರುವ ದಿಕ್ಕಿಗೆ ತಿರುಗಿ ಬಾಣಸಿಗನು ನಮಸ್ಕರಿಸಬೇಕು. ಮನಶ್ಶಾಂತಿಯನ್ನು ಕುರಿತು ಉಪನ್ಯಾಸ ಮಾಡುವ ಹೊತ್ತಗೆಯಲ್ಲ ಇದು. ಪಾತ್ರೆಯನ್ನು ಎಲ್ಲಿಡಬೇಕೆಂದು ಹೇಳುವ ಹೊತ್ತಗೆ.

ಅಕ್ಕಿಯ ಮಾತು ಬಂದಾಗ ಕನ್ನಡಿಗರಿಗೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ನೆನಪಾಗದಿರರು. ದೋಗೆನ್ ಹುಟ್ಟುವುದಕ್ಕೆ ಮುಂಚೆಯೇ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದನ್ನೇ ಅವರು ಕಾಯಕವನ್ನಾಗಿಸಿಕೊಂಡಿದ್ದರು. ಒಂದು ದಿನ ಮಾರಯ್ಯನು ಬೇಕಾದುದಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನು ಒಪ್ಪದೆ ಹಿಂದಕ್ಕೆ ಸುರಿದು ಬರುವಂತೆ ಹೇಳಿದಳಂತೆ. ಅವರು ಮಠವಾಸಿಗಳಲ್ಲ, ಸಂಸಾರಿಗಳು. ಆದರೂ ಕಾಳಿನ ಬಗೆಗಿನ ಎಚ್ಚರ ಎರಡು ಕಡೆಯಲ್ಲಿಯೂ ಒಂದೇ.

ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಕೆಲಸವೇ ಸಾಧನೆಯೆಂದು ಹೇಳಿ, ಕೆಲಸವನ್ನೆಲ್ಲ ಒಬ್ಬರ ತಲೆಗೆ ಕಟ್ಟಿ, ಉಳಿದವರು ಆರಾಮವಾಗಿ ಕುಳಿತುಕೊಳ್ಳುವುದುಂಟು. ಮನೆಮನೆಯ ತಾಯಂದಿರು ಇದನ್ನು ಬಲ್ಲರು. ಚೀನದ ಆ ಮಠಗಳಲ್ಲಿ ಅಡುಗೆಯ ಹೊಣೆ ಆರು ಮುಖ್ಯ ಅಧಿಕಾರಗಳಲ್ಲಿ ಒಂದಾಗಿತ್ತು. ಅದು ಅನುಭವಿಗಳಿಗೆ ಗೌರವಪೂರ್ವಕವಾಗಿ ದೊರೆಯುತ್ತಿತ್ತು. ಬಿಸಿಲಿನಲ್ಲಿ ನಿಂತಿದ್ದ ಆ ಮುದುಕರು ಆಳುಗಳಿದ್ದರೂ ತಾವೇ ಬಾಗಿದರು. ಮತ್ತೊಬ್ಬರನ್ನು ಬಾಗಿಸಲಿಲ್ಲ.

ದೋಗೆನ್ 1244ರಲ್ಲಿ ಜಪಾನಿನ ಎಚಿಜೆನ್ ಪ್ರಾಂತದ ಬೆಟ್ಟಗಳ ನಡುವೆ ಸ್ಥಾಪಿಸಿದ ಮಠಕ್ಕೆ ಎಯ್‌ಹೇಜಿ ಎಂದು ಹೆಸರು. ಆತನು 1253ರಲ್ಲಿ ನಿಧನನಾದನು. ಮಠ ಇಂದಿಗೂ ನಡೆಯುತ್ತಿದೆ. ಅದರ ಬಳಿಯಲ್ಲಿ ಬೆಟ್ಟದ ತೊರೆಯೊಂದು ಸದಾ ತುಂಬಿ ಹರಿಯುತ್ತದೆ. ದೋಗೆನ್ ಪ್ರತಿದಿನವೂ ಆ ತೊರೆಯಿಂದ ಸೌಟಿನಲ್ಲಿ ನೀರೆತ್ತಿ, ಬೇಕಾದಷ್ಟನ್ನು ಬಳಸಿ, ಮಿಕ್ಕ ಅರ್ಧವನ್ನು ಮುಂದೆ ಬರುವವರಿಗಾಗಿ ಮರಳಿ ತೊರೆಗೇ ಸುರಿಯುತ್ತಿದ್ದನೆಂದು ಅಲ್ಲಿಯ ಜನ ಹೇಳುತ್ತಾರೆ.