ಹಂಚಿನ ಮಾಡಿನ ದೋಣಿ ಮತ್ತು ಗೋಡೆಯಂಚಿನ ತಗಡು: ಸೋರಿಕೆಯ ಕಾರಣ, ನಿರ್ವಹಣೆ ಹಾಗೂ ದುರಸ್ತಿ

ಕರಾವಳಿ ಮತ್ತು ಮಲೆನಾಡಿನ ನಮ್ಮ ಸದಸ್ಯರಲ್ಲಿ ಅನೇಕರ ಮನೆ, ಅಂಗಡಿ ಹಾಗೂ ಗೋದಾಮುಗಳಿಗೆ ಇಂದಿಗೂ ಮಂಗಳೂರು ಹಂಚಿನ ಮಾಡೇ ಆಸರೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದಂದಿನಿಂದ ಈ ಹಂಚು ನಮ್ಮ ಮಳೆಯನ್ನು ಎದುರಿಸುತ್ತಲೇ ಬಂದಿದೆ. ಹೀಗಿದ್ದೂ ಮಾಡು ಸೋರತೊಡಗಿದೊಡನೆ ಮಾಲೀಕರ ಬಾಯಲ್ಲಿ ಮೊದಲು ಬರುವ ಮಾತು “ಹಂಚು ಹಳತಾಯಿತು” ಎಂಬುದು. ಆಮೇಲೆ ಹಂಚನ್ನೆಲ್ಲ ಇಳಿಸಿ ಲೋಹದ ಶೀಟು ಹೊದಿಸುವ ಅಥವಾ ಕಾಂಕ್ರೀಟು ಹಾಕುವ ಆಲೋಚನೆ ಮೊದಲಾಗುತ್ತದೆ.

ಇಂತಹ ದೊಡ್ಡ ವೆಚ್ಚಕ್ಕೆ ಕೈಹಾಕುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು: ನೀರು ನಿಜವಾಗಿ ಎಲ್ಲಿಂದ ಬರುತ್ತಿದೆ? ಒಡೆದ ಹಂಚಿನಿಂದ ಬರುವ ನೀರು ಸಾಮಾನ್ಯವಾಗಿ ಆ ಹಂಚಿನ ಆಸುಪಾಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಒಂದು ಹಂಚು ಬದಲಿಸಿದರೆ ಮುಗಿಯಿತು. ವರ್ಷ ವರ್ಷವೂ ಮರುಕಳಿಸುವ, ಪಕ್ಕಾಸುಗಳನ್ನು ಕೊಳೆಯಿಸುವ ಸೋರಿಕೆಯ ಮೂಲ ಹೆಚ್ಚಾಗಿ ಬೇರೆ ಎರಡು ಕಡೆ ಇರುತ್ತದೆ. ಮಾಡಿನ ಎರಡು ಇಳಿಜಾರುಗಳು ಒಳಮೂಲೆಯಲ್ಲಿ ಕೂಡುವ ತಗ್ಗು, ಅಂದರೆ ದೋಣಿ, ಮೊದಲನೆಯದು. ಮಾಡು ಗೋಡೆಗೆ ತಾಗುವ ಅಂಚು ಎರಡನೆಯದು. ಈ ಅಂಚನ್ನು ಮುಚ್ಚುವ ತಗಡಿಗೆ ಫ್ಲಾಶಿಂಗ್ ಎನ್ನುತ್ತಾರೆ. ಎರಡೂ ಕಡೆ ಮಳೆಯನ್ನು ತಡೆಯುವುದು ಹಂಚಲ್ಲ, ಲೋಹದ ತಗಡು.

ದೋಣಿಯ ಮೇಲಿನ ಭಾರ

ಮಂಗಳೂರಿನ ಸರಾಸರಿ ವಾರ್ಷಿಕ ಮಳೆ 3,000 ಮಿ.ಮೀ.ಗಿಂತ ಹೆಚ್ಚು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಎರಡೂ ಬದಿಗಳಲ್ಲಿ ತಲಾ 20 ಚದರ ಮೀಟರ್ ಮಾಡಿನ ನೀರು ಬಂದು ಬೀಳುವ ಒಂದು ದೋಣಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಗಂಟೆಗೆ 100 ಮಿ.ಮೀ. ವೇಗದಲ್ಲಿ ಮಳೆ ಹೊಡೆದಾಗ ಆ ದೋಣಿಯಲ್ಲಿ ಗಂಟೆಗೆ 4,000 ಲೀಟರ್, ಎಂದರೆ ನಿಮಿಷಕ್ಕೆ ಸುಮಾರು 67 ಲೀಟರ್ ನೀರು ಹರಿಯಬೇಕಾಗುತ್ತದೆ. ಒಂದು ಹಿಡಿ ತರಗೆಲೆ ಅಡ್ಡ ನಿಂತರೂ ಇಷ್ಟು ನೀರು ತಗಡಿನ ಅಂಚನ್ನು ಮೀರಿ ಒಳಗಿಳಿಯುತ್ತದೆ.

ಇನ್ನೊಂದು ಸಂಗತಿ ಅನೇಕರ ಗಮನಕ್ಕೆ ಬರುವುದಿಲ್ಲ. ದೋಣಿಯ ಇಳಿಜಾರು ಮಾಡಿನ ಇಳಿಜಾರಿಗಿಂತ ಯಾವಾಗಲೂ ಕಡಿಮೆ. 30 ಡಿಗ್ರಿ ಇಳಿಜಾರಿನ ಎರಡು ಮಾಡುಗಳು ಲಂಬಕೋನದಲ್ಲಿ ಕೂಡಿದರೆ ಅವುಗಳ ನಡುವಿನ ದೋಣಿಗೆ ದೊರೆಯುವುದು ಸುಮಾರು 22 ಡಿಗ್ರಿ ಮಾತ್ರ. ಅತಿ ಹೆಚ್ಚು ನೀರು ಅತಿ ಕಡಿಮೆ ಇಳಿಜಾರಿನಲ್ಲಿ ಹರಿಯಬೇಕಾದ ಜಾಗ ಇದು. ಇಲ್ಲಿ ತಗಡಿನ ಗುಣಮಟ್ಟದಲ್ಲಿ ಉಳಿತಾಯ ಮಾಡುವುದು ವಿವೇಕವಲ್ಲ.

ಸೀಸದ ತಗಡು ಕಲಿಸುವ ಪಾಠ

ಈ ಕೆಲಸಕ್ಕೆ ಸೀಸದ ತಗಡನ್ನು ಬಳಸುವ ಪದ್ಧತಿ ಬ್ರಿಟನ್ನಿನಲ್ಲಿ ಶತಮಾನಗಳಿಂದಲೂ ಇದೆ. ಸೀಸ ಮೆತ್ತಗಿನ ಲೋಹ. ಮರದ ಸುತ್ತಿಗೆಯಿಂದ ತಟ್ಟಿ ಯಾವ ಮೂಲೆಗೂ ಒಗ್ಗಿಸಬಹುದು. ಅಲ್ಲಿ ತಗಡನ್ನು ದಪ್ಪಕ್ಕನುಗುಣವಾಗಿ ಕೋಡ್ ಸಂಖ್ಯೆಗಳಿಂದ ಗುರುತಿಸುತ್ತಾರೆ. ಕೋಡ್ 4ರ ತಗಡು 1.80 ಮಿ.ಮೀ. ದಪ್ಪವಿದ್ದು ಚದರ ಮೀಟರಿಗೆ ಸುಮಾರು 20 ಕಿಲೋ ತೂಗುತ್ತದೆ. ಕೋಡ್ 5ರ ತಗಡು 2.24 ಮಿ.ಮೀ. ದಪ್ಪವಿದ್ದು ಸುಮಾರು 25 ಕಿಲೋ ತೂಗುತ್ತದೆ.

ಸರಿಯಾಗಿ ಹಾಸಿದ ಸೀಸ ತಲೆಮಾರುಗಳವರೆಗೆ ಬಾಳುತ್ತದೆ. ತಪ್ಪಾಗಿ ಹಾಸಿದ್ದು ಕೆಲವೇ ವರ್ಷಗಳಲ್ಲಿ ಸೀಳುತ್ತದೆ. ಇದಕ್ಕೆ ಕಾರಣ ಉಷ್ಣದಿಂದಾಗುವ ಹಿಗ್ಗುವಿಕೆ. ಹಗಲಿನ ಬಿಸಿಲಿಗೂ ರಾತ್ರಿಯ ತಂಪಿಗೂ ನಡುವೆ 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಾದರೆ 3 ಮೀಟರ್ ಉದ್ದದ ಸೀಸದ ತಗಡು ಸುಮಾರು 3.5 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಅದಕ್ಕೆ ಚಲಿಸಲು ಆಸ್ಪದವಿಲ್ಲದಿದ್ದರೆ ಉಬ್ಬುತ್ತದೆ. ಉಬ್ಬಿದೆಡೆಯಲ್ಲಿ ಪ್ರತಿದಿನ ಬಾಗಿ ಬಾಗಿ ಕೊನೆಗೆ ಬಿರುಕು ಬಿಡುತ್ತದೆ. ಆದುದರಿಂದಲೇ ಅಲ್ಲಿನ ಕುಶಲಕರ್ಮಿಗಳು ಗೋಡೆಯಂಚಿನ ತಗಡನ್ನು 1.5 ಮೀಟರಿಗಿಂತ ಉದ್ದ ಬಳಸುವುದಿಲ್ಲ. ಒಂದರ ಮೇಲೊಂದು 100 ಮಿ.ಮೀ. ಹೊದಿಕೆ ಬರುವಂತೆ ತುಂಡುಗಳನ್ನು ಜೋಡಿಸುತ್ತಾರೆ. ಬಿರುಕು ಬಿಟ್ಟ ಸೀಸಕ್ಕೆ ಸಾಮಾನ್ಯ ಬೆಸುಗೆಯ ತೇಪೆ ಹಾಕಿದರೆ ಅದು ಬಹುಕಾಲ ನಿಲ್ಲುವುದಿಲ್ಲ. ಸೀಸದಿಂದಲೇ ಕರಗಿಸಿ ಬೆಸೆಯಬೇಕು, ಇಲ್ಲವೆ ಆ ತುಂಡನ್ನೇ ಬದಲಿಸಬೇಕು. ಉದ್ದ ಹೆಚ್ಚಾದುದರಿಂದಲೇ ಬಿರುಕು ಬಂದಿದ್ದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುವುದು ಖಂಡಿತ.

ನಮ್ಮಲ್ಲಿ ಸೀಸದ ಬಳಕೆ ವಿರಳವಾದರೂ ಈ ಪಾಠ ಎಲ್ಲ ಲೋಹಗಳಿಗೂ ಅನ್ವಯಿಸುತ್ತದೆ. ಅದೇ 3 ಮೀಟರ್ ಉದ್ದದಲ್ಲಿ ಅಲ್ಯೂಮಿನಿಯಂ ಸುಮಾರು 2.8 ಮಿ.ಮೀ., ಉಕ್ಕಿನ ಜಿ.ಐ. ತಗಡು ಸುಮಾರು 1.4 ಮಿ.ಮೀ. ಚಲಿಸುತ್ತದೆ. ತಗಡನ್ನು ಬಿಗಿಯಾಗಿ ಬಂಧಿಸಿದಲ್ಲಿ ಸೋರಿಕೆಗೆ ನಾವೇ ಆಹ್ವಾನವಿತ್ತಂತೆ.

ನಮ್ಮ ಲೋಹಗಳು, ಅವುಗಳ ಶತ್ರುಗಳು

ಜಿ.ಐ. ತಗಡಿನ ಆಯುಸ್ಸನ್ನು ನಿರ್ಧರಿಸುವುದು ಅದರ ಮೇಲಿನ ಸತುವಿನ ಲೇಪ. ಭಾರತೀಯ ಮಾನಕ ಐ.ಎಸ್. 277ರಲ್ಲಿ ಈ ಲೇಪವನ್ನು ಎರಡೂ ಮುಖಗಳ ಮೇಲಿನ ಸತುವಿನ ಒಟ್ಟು ತೂಕದಿಂದ ಸೂಚಿಸುತ್ತಾರೆ. ಚದರ ಮೀಟರಿಗೆ 120 ಗ್ರಾಂ, 275 ಗ್ರಾಂ ಹೀಗೆ. ಅಂಗಡಿಯಲ್ಲಿ ಗ್ರಾಹಕರು ಕೇಳುವುದು ದಪ್ಪವನ್ನು ಮಾತ್ರ. ಒಂದೇ ದಪ್ಪದ ಎರಡು ತಗಡುಗಳಲ್ಲಿ ಒಂದಕ್ಕೆ ಮತ್ತೊಂದರ ಎರಡು ಪಟ್ಟಿಗೂ ಮಿಕ್ಕಿ ಸತುವಿರಬಹುದು ಎಂಬುದನ್ನು ಕೊಳ್ಳುವವರೂ ಮಾರುವವರೂ ಮರೆಯಬಾರದು. ಕಡಲ ಸಮೀಪದ ಉಪ್ಪುಗಾಳಿಯಲ್ಲಿ ತೆಳು ಲೇಪ ಬೇಗ ಕರಗುತ್ತದೆ. ತುಕ್ಕು ಮೊದಲು ಹಿಡಿಯುವುದು ಕತ್ತರಿಸಿದ ಅಂಚುಗಳಲ್ಲಿ ಮತ್ತು ಮೊಳೆ ಹೊಡೆದ ತೂತುಗಳಲ್ಲಿ.

ಅಲ್ಯೂಮಿನಿಯಮ್ಮಿಗೆ ಕೆಂಪು ತುಕ್ಕಿನ ಭಯವಿಲ್ಲ. ಆದರೆ ಹಸಿ ಸಿಮೆಂಟು ಮತ್ತು ಸುಣ್ಣದ ಗಾರೆಯಲ್ಲಿರುವ ಕ್ಷಾರ ಅದನ್ನು ತಿನ್ನುತ್ತದೆ. ಸತು ಹಾಗೂ ಸೀಸಕ್ಕೂ ಹಸಿ ಗಾರೆ ಹಿತವಲ್ಲ. ಗಾರೆಗೆ ತಾಗುವ ಭಾಗಕ್ಕೆ ಬಿಟುಮಿನ್ ಬಣ್ಣ ಬಳಿಯುವುದು ಸುಲಭವಾದ ರಕ್ಷಣೆ.

ವಿಭಿನ್ನ ಲೋಹಗಳನ್ನು ಬೆರೆಸುವುದು ಮತ್ತೊಂದು ತಪ್ಪು. ತಾಮ್ರದ ಮಿಂಚುವಾಹಕ ಪಟ್ಟಿಯನ್ನು ತೊಳೆದು ಬಂದ ಮಳೆನೀರು ಜಿ.ಐ. ಅಥವಾ ಅಲ್ಯೂಮಿನಿಯಂ ದೋಣಿಗೆ ಬಿದ್ದರೆ ಅಲ್ಲಿ ಸಣ್ಣ ಸಣ್ಣ ತೂತುಗಳು ಬೀಳುತ್ತವೆ. ಕಡಲತೀರದಲ್ಲಿ ಸೀಸವನ್ನು ಅಲ್ಯೂಮಿನಿಯಮ್ಮಿಗೆ ತಾಗಿಸಿಡುವುದೂ ಸಲ್ಲದು. ದೋಣಿಗೆ ಯಾವ ಲೋಹವೋ ಅದಕ್ಕೆ ಹೊಂದುವ ಮೊಳೆ, ಕೊಂಡಿಗಳನ್ನೇ ಬಳಸಬೇಕು.

ಮಳೆಗಾಲಕ್ಕೆ ಮುನ್ನ ತಪಾಸಣೆ

ಏಪ್ರಿಲ್–ಮೇ ತಿಂಗಳಲ್ಲಿ ಹಂಚು ಕೈಯಾಡಿಸುವ ವಾಡಿಕೆ ಹೇಗೂ ಇದೆ. ಅದೇ ಸಮಯದಲ್ಲಿ ಈ ಕೆಳಗಿನವುಗಳನ್ನು ಪರೀಕ್ಷಿಸಬೇಕು.

1. ಮೊದಲು ಒಳಗಿನಿಂದ ನೋಡಿ. ದೋಣಿಯ ಕೆಳಗಿನ ಪಕ್ಕಾಸು ಮತ್ತು ಹಲಗೆಯಲ್ಲಿ ಕಪ್ಪು ಕಲೆ, ಮೆತ್ತಗಾದ ಮರ, ಗೆದ್ದಲಿನ ಮಣ್ಣು ಇದೆಯೇ? ನೀರು ಮರದ ಮೇಲೆ ಹರಿದು ದೂರದಲ್ಲಿ ತೊಟ್ಟಿಕ್ಕುವುದರಿಂದ, ಕಲೆಯನ್ನು ಹಿಡಿದು ಮೇಲಕ್ಕೆ ಸಾಗುತ್ತ ಮೂಲವನ್ನು ಹುಡುಕಬೇಕು.

2. ದೋಣಿಯಲ್ಲಿ ಸೇರಿದ ತರಗೆಲೆ, ಪಾಚಿ, ಹಂಚಿನ ಚೂರುಗಳನ್ನು ತೆಗೆಯಿರಿ. ಒದ್ದೆ ಕಸದ ಅಡಿಯಲ್ಲಿಯೇ ಲೋಹ ಮೊದಲು ಸವೆಯುತ್ತದೆ. ಕಬ್ಬಿಣದ ಸಲಿಕೆ ಬೇಡ. ಕೈ ಮತ್ತು ಮೆತ್ತಗಿನ ಪೊರಕೆ ಸಾಕು.

3. ತಗಡುಗಳ ಹೊದಿಕೆ ಸರಿದಿದೆಯೇ, ಅಂಚಿನ ಮಡಿಕೆ ಚಪ್ಪಟೆಯಾಗಿದೆಯೇ ನೋಡಿ. ಕೆಲಸದವರು ದೋಣಿಯನ್ನು ತುಳಿದು ಹತ್ತುವುದರಿಂದ ಇದು ಪದೇ ಪದೇ ಆಗುತ್ತದೆ.

4. ಗೋಡೆಯ ಅಂಚಿನಲ್ಲಿ ಬಿರುಕು, ಸಡಿಲಗೊಂಡ ಗಾರೆ ಇದೆಯೇ ಗಮನಿಸಿ.

ದುರಸ್ತಿಯ ಕ್ರಮ

ಒಂದೆರಡು ಸಣ್ಣ ತೂತುಗಳಷ್ಟೇ ಇದ್ದರೆ ಆ ಜಾಗವನ್ನು ಉಜ್ಜಿ, ಒಣಗಿಸಿ, ಬ್ಯುಟೈಲ್ ಅಂಟುಪಟ್ಟಿಯಿಂದ ಮುಚ್ಚಬಹುದು. ಇದು ಆ ಮಳೆಗಾಲವನ್ನು ದಾಟಿಸುವ ತಾತ್ಕಾಲಿಕ ಉಪಾಯ ಮಾತ್ರ. ತುಕ್ಕು ಉದ್ದಕ್ಕೂ ಹರಡಿದ್ದರೆ ತಗಡನ್ನು ಬದಲಿಸುವುದೇ ಸರಿ.

ದೋಣಿಯ ಎರಡೂ ಬದಿಯ ಹಂಚುಗಳನ್ನು ಕ್ರಮವಾಗಿ ಬಿಚ್ಚಿಡಿ. ಕತ್ತರಿಸಿದ ಹಂಚುಗಳಿಗೆ ಸೀಮೆಸುಣ್ಣದಿಂದ ಸಂಖ್ಯೆ ಬರೆದರೆ ಮರುಜೋಡಣೆ ಸುಲಭ. ಕೊಳೆತ ಮರವನ್ನು ಬದಲಿಸಿ, ದೋಣಿಯ ಅಡಿಗೆ ಉದ್ದಕ್ಕೂ ಹಲಗೆಯ ಆಧಾರ ಕೊಡಿ. ಹೊಸ ತಗಡನ್ನು ಸೂರಿನ ಕಡೆಯಿಂದ ಮೇಲಕ್ಕೆ ಹಾಸುತ್ತಾ ಬರಬೇಕು; ಮೇಲಿನ ತುಂಡು ಕೆಳಗಿನದರ ಮೇಲೆ 150ರಿಂದ 200 ಮಿ.ಮೀ. ಹೊದ್ದುಕೊಳ್ಳಬೇಕು. ತಗಡಿನ ಎರಡೂ ಅಂಚುಗಳನ್ನು ಮೇಲಕ್ಕೆ ಮಡಿಸಿದರೆ ಪಕ್ಕಕ್ಕೆ ನುಗ್ಗುವ ನೀರು ತಡೆಯುತ್ತದೆ. ಮೊಳೆಯನ್ನು ತಗಡಿನ ನಡುವೆ ಎಂದಿಗೂ ಹೊಡೆಯಬಾರದು. ಪ್ರತಿ ತುಂಡನ್ನೂ ಮೇಲಿನ ತುದಿಯಲ್ಲಿ ಮಾತ್ರ ಬಂಧಿಸಿ, ಪಕ್ಕಗಳನ್ನು ಕೊಂಡಿಗಳಿಂದ ಹಿಡಿಸಿದರೆ ಅದು ನಿರಾತಂಕವಾಗಿ ಚಲಿಸುತ್ತದೆ. ಹಂಚು ಎರಡೂ ಕಡೆ ತಗಡಿನ ಮೇಲೆ ಕನಿಷ್ಠ 100 ಮಿ.ಮೀ. ಚಾಚಿರಲಿ, ನಡುವೆ ಕೈಯಾಡಿಸಿ ಶುಚಿಗೊಳಿಸಲು 125ರಿಂದ 150 ಮಿ.ಮೀ. ತೆರಪಿರಲಿ.

ಗೋಡೆಯಂಚಿನಲ್ಲಿ ನಮ್ಮವರು ಸಾಮಾನ್ಯವಾಗಿ ಮಾಡುವುದು ಸಿಮೆಂಟಿನ ಮೆತ್ತಿಗೆ. ಮಾಡಿನ ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಗೋಡೆ ಅಷ್ಟು ಅಲುಗುವುದಿಲ್ಲ. ಎರಡನ್ನೂ ಬಿಗಿದ ಸಿಮೆಂಟು ಬಿರಿಯದೆ ಬೇರೆ ದಾರಿಯಿಲ್ಲ. ಅದರ ಬದಲು ತಗಡನ್ನು ಹಂಚಿನ ಮಟ್ಟದಿಂದ 150 ಮಿ.ಮೀ. ಗೋಡೆಗೆ ಏರಿಸಿ, ಕಲ್ಲುಗಳ ನಡುವಿನ ಗಾರೆಯ ಸಂದಿನಲ್ಲಿ 25 ಮಿ.ಮೀ. ಆಳದ ಗೆರೆ ಕೊರೆದು ಅದರ ಮೇಲಂಚನ್ನು ತೂರಿಸಿ, ಬೆಣೆ ಬಡಿದು, ಸೀಲಂಟಿನಿಂದ ಮುಚ್ಚಬೇಕು. ಕೆಳಗಿನ ಅಂಚು ಹಂಚಿನ ಮೇಲೆ ಸ್ವತಂತ್ರವಾಗಿ ಕುಳಿತಿರಬೇಕು.

ಮಾಡಬಾರದ ಕೆಲಸಗಳು

ಸೋರುವ ದೋಣಿಗೆ ಡಾಂಬರು ಸುರಿಯುವುದು, ಸಿಮೆಂಟು ತುಂಬುವುದು ಅಗ್ಗದ ಉಪಾಯಗಳಂತೆ ತೋರುತ್ತವೆ. ಮುಂದಿನ ಬಿಸಿಲಿಗೆ ಅವು ಬಿರಿಯುತ್ತವೆ. ಬಿರುಕಿನಲ್ಲಿ ಸೇರಿದ ನೀರು ಆರದೆ ಉಳಿದು ತಗಡನ್ನು ಅಡಿಯಿಂದ ತಿನ್ನುತ್ತದೆ. ಆ ಬಳಿಕ ಬಿಚ್ಚುವಾಗ ಒಳ್ಳೆಯ ಹಂಚುಗಳೂ ಒಡೆಯುತ್ತವೆ.

ಸೀಸದ ಕೆಲಸವಿದ್ದಲ್ಲಿ ಇನ್ನೂ ಎಚ್ಚರ ಬೇಕು. ಸೀಸ ವಿಷಕಾರಿ. ಕೈಗವಸು ತೊಡಬೇಕು, ಊಟಕ್ಕೆ ಮುನ್ನ ಕೈ ತೊಳೆಯಬೇಕು, ಬೆಸೆಯುವಾಗ ಏಳುವ ಹೊಗೆಯಿಂದ ದೂರವಿರಬೇಕು, ಚೂರುಗಳು ಮಕ್ಕಳ ಕೈಗೆ ಸಿಗಬಾರದು. ಮಾಡಿನ ಮಳೆನೀರನ್ನು ಕುಡಿಯಲು ಅಥವಾ ಅಡುಗೆಗೆ ಸಂಗ್ರಹಿಸುವ ಮನೆಗಳಲ್ಲಿ ಸೀಸದ ತಗಡನ್ನು ಬಳಸಲೇಬಾರದು. ಬೆಂಗಳೂರಿನಲ್ಲಿ 2009ರಿಂದ ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಗಿರುವುದರಿಂದ, ಪರದೇಶದ ಮಾದರಿಯ ಮನೆ ಕಟ್ಟಿಸುವವರು ಇದನ್ನು ಮೊದಲೇ ಯೋಚಿಸಬೇಕು.

ಮಾಲೀಕರಿಗೂ ವ್ಯಾಪಾರಿಗಳಿಗೂ ಒಂದು ಮಾತು

ಅಡಿಕೆ, ಗೋಡಂಬಿ, ಮೆಣಸು ದಾಸ್ತಾನಿರುವ ಗೋದಾಮಿನಲ್ಲಿ ಒಂದು ದೋಣಿ ಸೋರಿದರೆ ಚೀಲಗಳಿಗೆ ಬೂಷ್ಟು ಹಿಡಿಯುತ್ತದೆ. ಆ ನಷ್ಟದ ಮುಂದೆ ಕೆಲವು ಮೀಟರ್ ಒಳ್ಳೆಯ ತಗಡಿನ ಬೆಲೆ ಏನೂ ಅಲ್ಲ. ಆದ್ದರಿಂದ ಕೆಲಸ ಒಪ್ಪಿಸುವಾಗ “ಮಾಡು ರಿಪೇರಿ” ಎಂದಷ್ಟೇ ಬರೆಯದೆ ಲೋಹ ಯಾವುದು, ದಪ್ಪವೆಷ್ಟು, ಜಿ.ಐ. ಆದರೆ ಸತುವಿನ ಲೇಪವೆಷ್ಟು, ಹೊದಿಕೆಯ ಅಳತೆ ಏನು, ಕೊಂಡಿ ಮೊಳೆಗಳು ಯಾವುವು ಎಂಬುದನ್ನು ಕಾಗದದ ಮೇಲೆ ದಾಖಲಿಸಿಕೊಳ್ಳಿ. ಹಾರ್ಡ್‌ವೇರ್ ವ್ಯಾಪಾರಿಗಳೂ ಲೇಪದ ತೂಕವನ್ನು ಬಿಲ್ಲಿನಲ್ಲಿ ನಮೂದಿಸುವ ರೂಢಿ ಮಾಡಿಕೊಂಡರೆ ಗ್ರಾಹಕರ ವಿಶ್ವಾಸ ಬೆಳೆಯುತ್ತದೆ. ಮಾಡಿನ ಮೇಲೆ ಹತ್ತುವವರಿಗೆ ಹಗ್ಗ ಹಾಗೂ ಏಣಿಯ ಭದ್ರತೆಯನ್ನು ಒದಗಿಸುವುದು ಮಾಲೀಕರ ಹೊಣೆ ಎಂಬುದನ್ನೂ ಮರೆಯುವಂತಿಲ್ಲ.

ಮಂಗಳೂರು ಹಂಚನ್ನು ತಯಾರಿಸುತ್ತಿದ್ದ ಅನೇಕ ಕಾರ್ಖಾನೆಗಳು ಇಂದು ಮುಚ್ಚಿವೆ. ಮಾಡಿನ ಮೇಲಿರುವ ಹಳೆಯ ಹಂಚನ್ನು ಒಮ್ಮೆ ಇಳಿಸಿ ಮಾರಿದರೆ ಅದಕ್ಕೆ ಸಮನಾದುದನ್ನು ಮರಳಿ ಪಡೆಯುವುದು ಕಷ್ಟ. ಆದುದರಿಂದ ಹಂಚಿನ ಮೇಲೆ ತೀರ್ಪು ಕೊಡುವ ಮುನ್ನ ದೋಣಿಯ ತಗಡನ್ನೂ ಗೋಡೆಯಂಚನ್ನೂ ಒಮ್ಮೆ ಪರೀಕ್ಷಿಸಿ. ಬಹಳಷ್ಟು ಸಂದರ್ಭಗಳಲ್ಲಿ ಬದಲಿಸಬೇಕಾದುದು ಮಾಡನ್ನಲ್ಲ, ತಗಡನ್ನು ಮಾತ್ರ.