ದೋಣಿಯ ಒಲೆಗೆ ಹೊಗೆಕೊಳವೆ: ಖರೀದಿಯ ಬೆಲೆ ಮತ್ತು ನೈಜ ವೆಚ್ಚ

ಖರೀದಿಯ ನಿರ್ಣಯಗಳಲ್ಲಿ ಮುಖ್ಯ ಯಂತ್ರಕ್ಕೆ ದೊರೆಯುವಷ್ಟು ಗಮನ ಅದರ ಜೋಡಣೆಯ ಭಾಗಗಳಿಗೆ ದೊರೆಯುವುದಿಲ್ಲ. ಆದರೆ ಯಂತ್ರದ ಕಾರ್ಯಕ್ಷಮತೆಯೇ ಅಂತಹ ಭಾಗವೊಂದನ್ನು ಅವಲಂಬಿಸಿದ್ದಲ್ಲಿ, ಅದರಲ್ಲಿ ಮಾಡಿದ ಉಳಿತಾಯವು ನಷ್ಟಕ್ಕೆ ದಾರಿಯಾಗುತ್ತದೆ. ಇಂಗ್ಲೆಂಡಿನ ಕಾಲುವೆಗಳ ನ್ಯಾರೋಬೋಟ್‌ಗಳಲ್ಲಿ ಬಳಸುವ ಕಲ್ಲಿದ್ದಲು ಮತ್ತು ಸೌದೆ ಒಲೆಗಳ ಹೊಗೆಕೊಳವೆ ಇದಕ್ಕೆ ತಕ್ಕ ನಿದರ್ಶನವಾಗಿದೆ.

ಹಿನ್ನೆಲೆ

ನ್ಯಾರೋಬೋಟ್‌ಗಳು ಮೂಲತಃ ಸರಕು ಸಾಗಣೆಯ ದೋಣಿಗಳು. ನೀರಿನ ಮಟ್ಟವನ್ನು ಏರಿಳಿಸುವ ಲಾಕ್‌ಗಳ ಅಗಲ ಸುಮಾರು 7 ಅಡಿಯಾದ್ದರಿಂದ ದೋಣಿಯ ಅಗಲವೂ ಅದಕ್ಕೆ ಸೀಮಿತವಾಯಿತು. ಈಗ ಇವುಗಳಲ್ಲಿ ಅನೇಕವು ವಾಸದ ಮನೆಗಳಾಗಿವೆ. ಸೇತುವೆಗಳು ಮತ್ತು ಸುರಂಗಗಳು ತಗ್ಗಾಗಿರುವುದರಿಂದ, ಛಾವಣಿಯ ಮೇಲಿನ ಚಿಮಣಿಯು ಗಿಡ್ಡವಾಗಿದ್ದು ಕಳಚಿಡುವಂತಿರಬೇಕಾಗುತ್ತದೆ.

ಎಳೆತದ ಲೆಕ್ಕ

ಹೊಗೆಯನ್ನು ಮೇಲಕ್ಕೆ ಎಳೆಯುವ ಶಕ್ತಿಯು ಕೊಳವೆಯ ಎತ್ತರವನ್ನೂ ಒಳಗಿನ ಅನಿಲ ಮತ್ತು ಹೊರಗಿನ ಗಾಳಿಯ ಉಷ್ಣತೆಯ ಅಂತರವನ್ನೂ ಅವಲಂಬಿಸಿರುತ್ತದೆ. ಒಟ್ಟು ಎತ್ತರ 2.5 ಮೀಟರ್, ಹೊರಗಿನ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳೋಣ. ಅನಿಲದ ಸರಾಸರಿ ಉಷ್ಣತೆ 200 ಡಿಗ್ರಿ ಇದ್ದರೆ ಎಳೆತ ಸುಮಾರು 13 ಪಾಸ್ಕಲ್. 100 ಡಿಗ್ರಿಗೆ ಇಳಿದರೆ ಸುಮಾರು 8 ಪಾಸ್ಕಲ್ ಮಾತ್ರ. ಘರ್ಷಣೆಯ ನಷ್ಟವನ್ನು ಇದರಲ್ಲಿ ಕಳೆದಿಲ್ಲ. ಯುರೋಪಿನ ಇಎನ್ 13240 ಮಾನದಂಡದಡಿ ಒಲೆಗಳನ್ನು ಸಾಮಾನ್ಯವಾಗಿ 12 ಪಾಸ್ಕಲ್ ಎಳೆತದಲ್ಲಿ ಪರೀಕ್ಷಿಸಲಾಗುತ್ತಿತ್ತು. ದೋಣಿಯಲ್ಲಿ ಎತ್ತರವನ್ನು ಹೆಚ್ಚಿಸಲಾಗದು. ಆದುದರಿಂದ ಉಷ್ಣತೆಯನ್ನು ಕಾಪಾಡುವುದೊಂದೇ ಉಳಿದ ಮಾರ್ಗ.

ಆಯ್ಕೆಯಲ್ಲಿ ಗಮನಿಸತಕ್ಕ ಅಂಶಗಳು

1. ಕೊಳವೆಯ ವ್ಯಾಸವು ಒಲೆಯ ಹೊಗೆದ್ವಾರದ ವ್ಯಾಸಕ್ಕಿಂತ ಕಡಿಮೆ ಇರಬಾರದು.

2. ಕೋಣೆಯೊಳಗಿನ ಒಂಟಿ ಗೋಡೆಯ ಕೊಳವೆಯು ಒಳಗೆ ಶಾಖ ನೀಡುತ್ತದೆ. ಛಾವಣಿಯನ್ನು ಹಾದು ಹೊರಬರುವ ಭಾಗದಲ್ಲಿ ಮಾತ್ರ ಶಾಖನಿರೋಧಕ ತುಂಬಿದ ಜೋಡಿ ಗೋಡೆಯ ಕೊಳವೆಯೇ ಯುಕ್ತ. ಅಲ್ಲಿ ಸೋರಿಹೋಗುವ ಶಾಖ ಯಾರಿಗೂ ಉಪಯೋಗವಿಲ್ಲ.

3. ಬಾಗುಗಳು ಆದಷ್ಟು ಕಡಿಮೆ ಇರಲಿ. ಅನಿವಾರ್ಯವಾದಲ್ಲಿ ನೇರದಿಂದ 45 ಡಿಗ್ರಿಯನ್ನು ಮೀರಬಾರದು.

4. ಮೇಲಿನ ಕೊಳವೆಯ ತುದಿಯು ಕೆಳಗಿನದರ ಒಳಗೆ ಕೂರಬೇಕು. ಆಗ ತಣಿದ ಡಾಂಬರು ಹೊರಗೆ ಸೋರದೆ ಒಲೆಗೇ ಮರಳುತ್ತದೆ.

5. ಬ್ರಿಟನ್ನಿನ ಮನೆಗಳ ಮಾರ್ಗಸೂಚಿಯಂತೆ, ರಕ್ಷಣೆಯಿಲ್ಲದ ಒಂಟಿ ಕೊಳವೆಗೂ ಬೆಂಕಿ ಹತ್ತಬಲ್ಲ ವಸ್ತುವಿಗೂ ನಡುವೆ ವ್ಯಾಸದ ಮೂರು ಪಟ್ಟು ಅಂತರವಿರಬೇಕು, 125 ಮಿ.ಮೀ. ಕೊಳವೆಗೆ ಇದು 375 ಮಿ.ಮೀ. ದೋಣಿಗಳ ಅಳವಡಿಕೆಗೆಂದೇ ಬಿಎಸ್ 8511:2010 ಎಂಬ ಪ್ರತ್ಯೇಕ ಸಂಹಿತೆ ಇದೆ.

ವೆಚ್ಚದ ತುಲನೆ

ಕೇವಲ ಉದಾಹರಣೆಗಾಗಿ, ಅಗ್ಗದ ಕೊಳವೆಯ ಬೆಲೆ 150 ಪೌಂಡ್, ಬಾಳಿಕೆ 3 ವರ್ಷ. ಉತ್ತಮ ಕೊಳವೆಯ ಬೆಲೆ 400 ಪೌಂಡ್, ಬಾಳಿಕೆ 10 ವರ್ಷ ಎಂದು ಭಾವಿಸೋಣ. ವಾರ್ಷಿಕ ವೆಚ್ಚ ಕ್ರಮವಾಗಿ 50 ಮತ್ತು 40 ಪೌಂಡ್ ಆಗುತ್ತದೆ. ಅಗ್ಗದ ಕೊಳವೆಯನ್ನು ಪದೇಪದೇ ಶುಚಿಗೊಳಿಸುವ ಶ್ರಮ ಇದರಲ್ಲಿ ಸೇರಿಲ್ಲ.

ಲೆಕ್ಕಪುಸ್ತಕದಲ್ಲಿ ಕಾಣದ ಬಾಬ್ತು ಇನ್ನೊಂದಿದೆ. ರಾತ್ರಿ ಗಾಳಿಯ ದ್ವಾರವನ್ನು ಕಿರಿದಾಗಿಸಿ ಮಲಗಿದಾಗ ಕೊಳವೆ ತಣ್ಣಗಾಗಿ ಎಳೆತ ಕುಂದುತ್ತದೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕಿರಿದಾದ ಕೋಣೆಗೆ ಮರಳಬಹುದು. ಮಲಗಿದವರು ಏಳದೆ ಹೋಗುವ ಸಂಭವವೂ ಉಂಟು. ಬ್ರಿಟನ್ನಿನ ದೋಣಿ ಸುರಕ್ಷತಾ ಯೋಜನೆಯು 2019ರ ಏಪ್ರಿಲ್ 1ರಿಂದ ವಾಸಸ್ಥಳವುಳ್ಳ ದೋಣಿಗಳಲ್ಲಿ ಈ ಅನಿಲದ ಎಚ್ಚರಿಕೆ ಗಂಟೆಯನ್ನು ಕಡ್ಡಾಯಗೊಳಿಸಿತು. ಆದರೆ ಗಂಟೆಯು ಅಪಾಯವನ್ನು ತಿಳಿಸುತ್ತದೆಯೇ ಹೊರತು ಎಳೆತವನ್ನು ಸರಿಪಡಿಸುವುದಿಲ್ಲ.

ಆದುದರಿಂದ ಒಲೆ ಮತ್ತು ಕೊಳವೆಗಳನ್ನು ಎರಡು ಖರೀದಿಗಳೆಂದು ಎಣಿಸದೆ ಒಂದೇ ಬಂಡವಾಳವೆಂದು ಪರಿಗಣಿಸತಕ್ಕದ್ದು. ತಯಾರಕರು ಬೆಲೆಪಟ್ಟಿಯನ್ನು ಸಿದ್ಧಪಡಿಸುವಾಗ ಕೊಳ್ಳುವವರಿಗೆ ಇದನ್ನು ಮೊದಲೇ ತಿಳಿಸುವುದು ವ್ಯಾಪಾರ ಧರ್ಮವೂ ಹೌದು, ವ್ಯಾಪಾರ ಜಾಣ್ಮೆಯೂ ಹೌದು.