ಮನೆಯೇ ಕಛೇರಿಯಾದಾಗ ಎಳೆಯ ಮಗುವಿನ ಆಟಪಾಟ

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ನಗರಗಳ ಅಸಂಖ್ಯ ಮನೆಗಳು ಕೆಲವೇ ದಿನಗಳಲ್ಲಿ ಕಛೇರಿಗಳಾಗಿ ಮಾರ್ಪಟ್ಟವು. ಊಟದ ಮೇಜಿನ ಮೇಲೆ ಕಂಪ್ಯೂಟರು, ಮೇಜಿನ ಕೆಳಗೆ ಮಗು. ಆ ಸಂಕಟದ ಕಾಲ ಕಳೆಯಿತು. ಏರ್ಪಾಡು ಮಾತ್ರ ಪೂರ್ತಿಯಾಗಿ ಹೋಗಲಿಲ್ಲ. ವಾರದಲ್ಲಿ ಎರಡು ಮೂರು ದಿನಗಳಾದರೂ ಮನೆಯಿಂದಲೇ ದುಡಿಯುವ ತಂದೆತಾಯಿಗಳು ಮುಂಬಯಿ, ಪುಣೆ, ಹೈದರಾಬಾದುಗಳ ನಮ್ಮ ಕನ್ನಡ ಕುಟುಂಬಗಳಲ್ಲಿಯೂ ಇದ್ದಾರೆ. ಊರಿನಲ್ಲಾಗಿದ್ದರೆ ಮಗುವನ್ನು ಎತ್ತಿಕೊಳ್ಳಲು ಅಜ್ಜಿಯೋ ಚಿಕ್ಕಮ್ಮನೋ ಇರುತ್ತಿದ್ದರು. ಇಲ್ಲಿ ಎರಡು ಕೋಣೆಗಳ ಮನೆಯಲ್ಲಿ ಇರುವವರೇ ಮೂವರು. ಹೀಗಾಗಿ "ಕೆಲಸ ಮುಗಿಯುವವರೆಗೆ ಮಗುವನ್ನು ಸುಮ್ಮನಿರಿಸುವುದು ಹೇಗೆ?" ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆದರೆ ಈ ಪ್ರಶ್ನೆಯನ್ನೇ ಸ್ವಲ್ಪ ತಿದ್ದಿಕೊಳ್ಳುವುದು ಮೇಲೆಂದು ನನಗೆ ತೋರುತ್ತದೆ.

ಮನೆಯಲ್ಲಿ ಕುಳಿತು ದುಡಿಯುವುದು ಹೊಸ ಸಂಗತಿಯಲ್ಲ. 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಮಹಿಳೆಯರು ಆರಂಭಿಸಿದ ಲಿಜ್ಜತ್ ಹಪ್ಪಳದ ಉದ್ಯಮ ಬೆಳೆದದ್ದು, ಹಿಟ್ಟನ್ನು ಮನೆಗೆ ಒಯ್ದು ಲಟ್ಟಿಸಿ ತರುವ ಗೃಹಿಣಿಯರಿಂದಲೇ. ದಕ್ಷಿಣ ಕನ್ನಡದ ಜಗಲಿಗಳಲ್ಲಿ ಬೀಡಿ ಕಟ್ಟುತ್ತ ಮಕ್ಕಳನ್ನು ಬೆಳೆಸಿದ ತಾಯಂದಿರೆಷ್ಟೋ. (ತಂಬಾಕಿನ ಧೂಳು ಮಗುವಿಗೆ ಹಿತವಲ್ಲವೆಂಬುದು ಬೇರೆಯೇ ಮಾತು.) ಆ ಕೆಲಸಗಳಲ್ಲಿ ತೊಡಗಿರುತ್ತಿದ್ದುದು ಕೈಗಳು ಮಾತ್ರ; ಕಣ್ಣು, ಕಿವಿ, ಬಾಯಿಗಳು ಬಿಡುವಾಗಿಯೇ ಇರುತ್ತಿದ್ದವು. ಮಗುವಿನ ಮುಂದೆ ಒಂದು ಉಂಡೆ ಹಿಟ್ಟನ್ನಿಟ್ಟು, ಅದರ ತೊದಲಿಗೆ ಮಾರುತ್ತರ ಕೊಡುತ್ತ ತಾಯಿ ಕೆಲಸ ಸಾಗಿಸುತ್ತಿದ್ದಳು. ಕಂಪ್ಯೂಟರಿನ ಕೆಲಸ ಇದಕ್ಕೆ ತೀರ ವಿರುದ್ಧವಾದದ್ದು. ಅದು ಕೈಗಿಂತ ಹೆಚ್ಚಾಗಿ ಮುಖವನ್ನೇ ಕಸಿದುಕೊಳ್ಳುತ್ತದೆ. ತಾಯಿ ಎರಡು ಮೊಳ ದೂರದಲ್ಲಿಯೇ ಇದ್ದಾಳೆ, ಆದರೆ ಅವಳ ಮುಖ ಮಗುವಿಗೆ ಸಿಕ್ಕದು.

ಇದು ಮಗುವಿಗೆ ಎಂಥ ಕಷ್ಟವೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಎಂಬವರು 1970ರ ದಶಕದಲ್ಲಿ ನಡೆಸಿದ ಪ್ರಯೋಗವೊಂದು ಚೆನ್ನಾಗಿ ತೋರಿಸಿಕೊಟ್ಟಿದೆ. ತಾಯಿ ಮೊದಲು ತನ್ನ ಹಸುಳೆಯೊಡನೆ ನಕ್ಕು ಆಡುತ್ತಾಳೆ. ಬಳಿಕ ಒಂದೆರಡು ನಿಮಿಷಗಳ ಕಾಲ, ಅದರೆದುರಿನಲ್ಲಿಯೇ ಕುಳಿತು, ಯಾವ ಭಾವವೂ ಇಲ್ಲದಂತೆ ಮುಖವನ್ನು ನಿಶ್ಚಲವಾಗಿರಿಸಿಕೊಳ್ಳುತ್ತಾಳೆ. ಮಗು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡಿ ಕರೆಯುತ್ತದೆ. ಏನೂ ಫಲಿಸದಾಗ ಮುಖ ತಿರುಗಿಸಿಕೊಂಡು ಕಂಗೆಡುತ್ತದೆ. ಕಡತದಲ್ಲಿ ಮುಳುಗಿದ ನಮ್ಮ ಮುಖವೂ ಮಗುವಿನ ಕಣ್ಣಿಗೆ ಹಾಗೆಯೇ ಕಂಡೀತು. ಇದರಿಂದ ಯಾವ ತಾಯಿಯೂ ಅಂಜಬೇಕಾಗಿಲ್ಲ. ಮುಖ ಮರಳಿ ಅರಳಿದೊಡನೆ ಮಗುವೂ ಮೆಲ್ಲನೆ ಸಮಾಧಾನಗೊಳ್ಳುತ್ತದೆ. ಆದರೆ "ಆಟಿಕೆ ಕೊಟ್ಟರೂ ಹಟ ಮಾಡುತ್ತದೆ" ಎಂದು ದೂರುವ ಮುನ್ನ, ಅದು ಬೇಡುತ್ತಿರುವುದು ಆಟಿಕೆಯನ್ನಲ್ಲ ಎಂಬುದು ನಮಗೆ ಹೊಳೆಯಬೇಕು.

ಆದ್ದರಿಂದ ಕೆಲಸಕ್ಕೆ ಕೂರುವ ಮುನ್ನ ಅರ್ಧ ಗಂಟೆ, ಅದಾಗದಿದ್ದರೆ ಕಾಲು ಗಂಟೆಯಾದರೂ, ನೆಲದ ಮೇಲೆ ಕುಳಿತು ಪೂರ್ಣ ಮನಸ್ಸಿನಿಂದ ಮಗುವಿನೊಡನೆ ಆಡುವುದು ಲೇಸು. ಆಗ ಮೊಬೈಲು ಬೇರೆ ಕೋಣೆಯಲ್ಲಿರಲಿ. ಆಮೇಲೆ, "ಈಗ ಅಮ್ಮ ಕೆಲಸಕ್ಕೆ ಕೂರುತ್ತಾಳೆ, ಹಾಲು ಕುಡಿಯುವ ಹೊತ್ತಿಗೆ ಬರುತ್ತಾಳೆ" ಎಂದು ಹೇಳಿಯೇ ಏಳಬೇಕು. ಮಗುವಿನ ಕಣ್ಣು ತಪ್ಪಿಸಿ ಜಾರಿಕೊಳ್ಳುವ ರೂಢಿ ನಮ್ಮಲ್ಲಿ ಬಹಳ. ಆ ಗಳಿಗೆಗೆ ಅದು ಅನುಕೂಲವೆನಿಸಿದರೂ, ಮರುದಿನದಿಂದ ಮಗು ಸೆರಗನ್ನು ಬಿಡುವುದೇ ಇಲ್ಲ. ತಾಯಿಯು ಮಗುವಿಗೆ ಒಂದು ಭದ್ರವಾದ ನೆಲೆಯಿದ್ದಂತೆ ಎಂದು ಮೇರಿ ಐನ್ಸ್‌ವರ್ತ್ ಎಂಬ ವಿದುಷಿ ವಿವರಿಸಿದ್ದಾರೆ. ನೆಲೆ ಅಲ್ಲಿಯೇ ಇದೆಯೆಂಬ ನಂಬಿಕೆಯಿದ್ದರೆ ಮಗು ದೂರ ಸರಿದು ಆಡುತ್ತದೆ, ನಡುನಡುವೆ ಬಂದು ಮುಟ್ಟಿ ಹೋಗುತ್ತದೆ. ಹಾಗೆ ಮುಟ್ಟಲು ಬಂದಾಗ ತಲೆಯ ಮೇಲೆ ಕೈಯಿಟ್ಟು ಎರಡು ಮಾತಾಡಿದರೆ ಸಾಕು, ಅದು ಮತ್ತೆ ಆಟಕ್ಕೆ ಮರಳುತ್ತದೆ. ಬಾಗಿಲು ಹಾಕಿಕೊಂಡು ಒಳಗೆ ಕೂರುವುದಕ್ಕಿಂತ, ನಮ್ಮ ಮೇಜಿನ ಪಕ್ಕದಲ್ಲಿಯೇ ಒಂದು ಚಾಪೆ ಹಾಸಿ ಅದನ್ನು ಮಗುವಿನ "ಕಛೇರಿ"ಯೆಂದು ಕರೆಯುವುದು ಹೆಚ್ಚು ಫಲಕಾರಿ.

ಇನ್ನು ಆ ಚಾಪೆಯ ಮೇಲೆ ಏನಿರಬೇಕು? ಆಟಿಕೆಗಳ ರಾಶಿಯಂತೂ ಬೇಡ. ಅಮೆರಿಕದ ಟೊಲೆಡೊ ವಿಶ್ವವಿದ್ಯಾನಿಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳು, 16 ಆಟಿಕೆಗಳಿದ್ದಾಗ ಆಡಿದ್ದಕ್ಕಿಂತ 4 ಆಟಿಕೆಗಳಿದ್ದಾಗಲೇ ಒಂದೊಂದರಲ್ಲಿಯೂ ಹೆಚ್ಚು ಹೊತ್ತು, ಹೆಚ್ಚು ಬಗೆಯಾಗಿ ತೊಡಗಿದ್ದು ಕಂಡುಬಂದಿತು. ಉಳಿದವನ್ನು ಅಟ್ಟದ ಮೇಲಿರಿಸಿ ವಾರಕ್ಕೊಮ್ಮೆ ಬದಲಾಯಿಸಿದರೆ ಹಳೆಯ ಗೊಂಬೆಯೂ ಹೊಸದಾಗುತ್ತದೆ. ಒಂದು ವರ್ಷದ ಕೂಸಿಗೆ ಒಂದರೊಳಗೊಂದು ಕೂರುವ ಸ್ಟೀಲಿನ ಬಟ್ಟಲುಗಳು, ಮುಚ್ಚಳಗಳು, ಒಂದು ಮರದ ಸೌಟು ಬೇಕಾದಷ್ಟಾಯಿತು. ಸದ್ದಾಗುತ್ತದೆ, ನಿಜ, ಆದ್ದರಿಂದ ಫೋನಿನಲ್ಲಿ ಮಾತನಾಡುವಾಗ ಅದರ ಬದಲು ಬಟ್ಟೆಯ ಚೂರುಗಳಿರಲಿ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆಗಳು ಈ ವಯಸ್ಸಿಗೆ ತಕ್ಕವು.

ಎರಡು ದಾಟಿದ ಮಗುವಿಗೆ ಆಟಕ್ಕಿಂತಲೂ ನಿಜವಾದ ಕೆಲಸದ ಮೇಲೆಯೇ ಆಸೆ. 1907ರಲ್ಲಿ ರೋಮ್ ನಗರದ ಬಡ ಕೇರಿಯೊಂದರಲ್ಲಿ ಶಿಶುಗೃಹವನ್ನು ತೆರೆದ ಡಾಕ್ಟರ್ ಮರಿಯಾ ಮಾಂಟೆಸರಿ ಗಮನಿಸಿದ್ದು ಇದನ್ನೇ. ಅವರು 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು ಇಲ್ಲಿನ ಶಿಕ್ಷಕರಿಗೂ ತಮ್ಮ ಪದ್ಧತಿಯನ್ನು ಕಲಿಸಿದರು. ಬಟಾಣಿ ಸಿಪ್ಪೆಯನ್ನು ತಾಯಿಯ ಪಕ್ಕದಲ್ಲಿ ಕುಳಿತು ಬಿಡಿಸುವುದು, ಕರವಸ್ತ್ರ ಮಡಿಸುವುದು, ಚಮಚಗಳನ್ನು ಬೇರೆ ಬೇರೆ ಜೋಡಿಸುವುದು, ಹಳೆಯ ವೃತ್ತಪತ್ರಿಕೆಯನ್ನು ಹರಿದು ಬುಟ್ಟಿ ತುಂಬುವುದು, ಚಪಾತಿ ಹಿಟ್ಟಿನ ಉಂಡೆಯನ್ನು ಲಟ್ಟಿಸುವುದು: ಇವುಗಳಲ್ಲಿ ಮಗು ಮೈಮರೆಯುತ್ತದೆ. ಮಾಡಿದ್ದು ಸೊಟ್ಟಗಿದ್ದರೆ ಅದರೆದುರಿಗೇ ತಿದ್ದಲು ಹೋಗಬೇಡಿ.

ಅಪಾಯಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಕಟುವಾಗಿ ಹೇಳುವುದು ಅಗತ್ಯ. ಮಗು ಸದ್ದಿಲ್ಲದೆ ಆಡುತ್ತಿದೆಯೆಂದು ಸಂತೋಷಪಡುವ ಹೊತ್ತೇ ಎದ್ದು ನೋಡಬೇಕಾದ ಹೊತ್ತು. ಮುಂಬಯಿಯ ಅನೇಕ ಮನೆಗಳಲ್ಲಿ ನೀರು ಗೊತ್ತಾದ ವೇಳೆಗೆ ಮಾತ್ರ ಬರುವುದರಿಂದ ಬಚ್ಚಲಿನಲ್ಲಿ ಬಕೆಟ್ಟುಗಳು ತುಂಬಿಯೇ ಇರುತ್ತವೆ. ಎಳೆಯ ಮಗುವಿನ ತಲೆ ಮೈಯ ಅಳತೆಗೆ ಹೋಲಿಸಿದರೆ ಭಾರ. ಬಗ್ಗಿ ನೋಡಿ ತಲೆಕೆಳಗಾಗಿ ಬಿದ್ದರೆ ಎದ್ದುಕೊಳ್ಳಲಾರದು, ಕೂಗಲೂ ಆರದು. ಕೆಲವೇ ಅಂಗುಲ ನೀರು ಪ್ರಾಣಕ್ಕೆ ಎರವಾಗಬಲ್ಲದು. ಬಚ್ಚಲಿನ ಬಾಗಿಲಿಗೆ ಮೇಲ್ಗಡೆ ಚಿಲಕವಿರಲಿ. ರಿಮೋಟು, ಗಡಿಯಾರ, ಸದ್ದು ಮಾಡುವ ಅಗ್ಗದ ಗೊಂಬೆ, ಇವುಗಳಲ್ಲಿರುವ ಗುಂಡಿಯಂಥ ಚಪ್ಪಟೆ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗೇ ಅಲ್ಲಿ ಸುಟ್ಟ ಗಾಯವಾಗಬಹುದು. ನುಂಗಿದ ಸಂಶಯ ಬಂದರೂ ಸಾಕು, ಮಲದಲ್ಲಿ ಹೋದೀತೆಂದು ಕಾಯದೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಅಳಗುಳಿಮಣೆಯ ಹುಣಿಸೆಬೀಜ, ಕವಡೆ, ಕಡಲೆಕಾಯಿ ಬೀಜಗಳು ಮೂರು ವರ್ಷದೊಳಗಿನವರ ಕೈಗೆ ಸಿಗಬಾರದು. ನಮ್ಮ ಬಿಸಿ ಕಾಫಿಯ ಲೋಟವೂ ಮೇಜಿನ ಅಂಚಿನಲ್ಲಿರಕೂಡದು.

ಮೊಬೈಲಿನ ಮಾತೆತ್ತಿದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಎರಡು ವರ್ಷ ತುಂಬುವವರೆಗೆ ಪರದೆಯ ಮುಂದೆ ಕೂರಿಸುವುದು ಸಲ್ಲದು. ಆಮೇಲೆ, ಐದು ವರ್ಷದವರೆಗೆ, ದಿನಕ್ಕೆ ಒಂದು ಗಂಟೆಗೆ ಮೀರದಿರಲಿ, ಅದಕ್ಕೂ ಕಡಿಮೆಯಾದರೆ ಉತ್ತಮ. ನಮ್ಮ ದೇಶದ ಮಕ್ಕಳ ವೈದ್ಯರ ಸಂಸ್ಥೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವುದೂ ಬಹುಮಟ್ಟಿಗೆ ಇದನ್ನೇ. ಆದರೆ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ನಡೆಸುವ ವಿಡಿಯೋ ಮಾತುಕತೆಗೆ ಅದು ವಿನಾಯಿತಿ ಕೊಟ್ಟಿದೆ. ಹುಬ್ಬಳ್ಳಿಯಲ್ಲೋ ಕುಂದಾಪುರದಲ್ಲೋ ಇರುವ ಅಜ್ಜಿ ಫೋನಿನಲ್ಲಿ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದರೆ, ಅಲ್ಲಿ ಮಗುವಿಗೆ ಉತ್ತರ ಕೊಡುವ ಒಂದು ಮುಖವಿದೆ, ಕಾರ್ಟೂನಿನಲ್ಲಿ ಅದಿಲ್ಲ. ಜ್ವರ ಬಂದ ಮೂರು ವರ್ಷದ ಮಗುವಿಗೆ, ತಪ್ಪಿಸಲಾಗದ ಸಭೆಯಿರುವ ದಿನ, ಅರ್ಧ ಗಂಟೆ ಚಿತ್ರ ತೋರಿಸಿದ ತಾಯಿಯನ್ನು ನಾನಂತೂ ತಪ್ಪಿತಸ್ಥಳೆನ್ನಲಾರೆ. ದಿನವೂ ಊಟ ಮಾಡಿಸಲು ಅದನ್ನೇ ಹಿಡಿಯುವುದು ಮಾತ್ರ ಕೆಟ್ಟ ಅಭ್ಯಾಸ.

ಕೆಲಸದ ವೇಳೆಯನ್ನೂ ಮಗುವಿನ ದಿನಚರಿಗೆ ಹೊಂದಿಸಿಕೊಳ್ಳಬಹುದು. ಒಂದೆರಡು ವರ್ಷದ ಮಗುವಿಗೆ ಹಗಲಿನದೂ ಸೇರಿ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ್ದಕ್ಕೆ 10ರಿಂದ 13 ಗಂಟೆ ನಿದ್ರೆ ಬೇಕು. ಮಧ್ಯಾಹ್ನದ ನಿದ್ರೆಯ ಹೊತ್ತನ್ನು ಏಕಾಗ್ರತೆ ಬೇಡುವ ಕೆಲಸಕ್ಕೆ ಮೀಸಲಿಡಿ; ಅಡುಗೆಗಲ್ಲ. ಇಬ್ಬರೂ ಮನೆಯಲ್ಲಿರುವ ದಿನ ಗಂಡಹೆಂಡಿರು ಸರದಿಯಂತೆ ಮಗುವನ್ನು ನೋಡಿಕೊಳ್ಳಲಿ. ತಂದೆಯ ಸಭೆಗೆ ಬಾಗಿಲು ಮುಚ್ಚುತ್ತದೆ, ತಾಯಿಯ ಸಭೆಗೆ ಮಗು ಮಡಿಲಲ್ಲಿರುತ್ತದೆ ಎಂಬ ಸ್ಥಿತಿ ನ್ಯಾಯವಲ್ಲ.

ಇಷ್ಟೆಲ್ಲ ಮಾಡಿದರೂ, ಎಂಟು ಗಂಟೆಗಳ ಕಾಲ ತಾನೇ ಆಡಿಕೊಂಡಿರುವ ಎರಡು ವರ್ಷದ ಮಗು ಎಲ್ಲಿಯೂ ಇಲ್ಲ. ಆ ಕೊರತೆಯನ್ನು ತುಂಬಲು ಇನ್ನೊಬ್ಬ ವ್ಯಕ್ತಿಯೇ ಬೇಕು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಕರ್ಯ ಒದಗಿಸಬೇಕೆಂದು ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿ ವಿಧಿಸಿತು. ಮನೆಯಿಂದ ದುಡಿಯುವವರೂ ತಮ್ಮ ಸಂಸ್ಥೆಯಲ್ಲಿ ಇದನ್ನು ವಿಚಾರಿಸಲು ಹಿಂಜರಿಯಬಾರದು. ನೆರೆಯ ಪಾಳಣಾಘರದಲ್ಲಿ ದಿನಕ್ಕೆ ಮೂರು ಗಂಟೆ ಬಿಡುವುದೂ ಸೋಲಲ್ಲ. ಸಂಘದ ಪದಾಧಿಕಾರಿಗಳಿಗೂ ಒಂದು ವಿನಂತಿಯಿದೆ. ವಾರದ ದಿನಗಳಲ್ಲಿ ನಮ್ಮ ಸಭಾಂಗಣ ಬೆಳಗಿನ ಹೊತ್ತು ಬರಿದಾಗಿರುತ್ತದೆ. ಸದಸ್ಯರಲ್ಲಿ ನಿವೃತ್ತ ಶಿಕ್ಷಕಿಯರೂ, ಮೊಮ್ಮಕ್ಕಳು ದೂರದಲ್ಲಿರುವ ಅಜ್ಜಿಯರೂ ಇದ್ದಾರೆ. ವಾರಕ್ಕೆ ಮೂರು ದಿನ, ಹತ್ತರಿಂದ ಹನ್ನೆರಡರವರೆಗೆ, ಹತ್ತು ಹನ್ನೆರಡು ಮಕ್ಕಳನ್ನು ಅಲ್ಲಿ ಕೂಡಿಸಿ ಕನ್ನಡದಲ್ಲಿಯೇ ಆಡಿಸುವುದು ಸಾಧ್ಯವೇ ಎಂಬುದನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಬೇಕಾಗಿ ಕೋರುತ್ತೇನೆ.